ಒಂದೇ ಹೆಸರು, ಬೇರೆ ಬೇರೆ ಕಾಲ: ನೀವು ಹೇಳ್ತಿರೋದು ಯಾವ ಚೆನ್ನಮ್ಮ, ಯಾವ ಕೃಷ್ಣರಾಜ?

ನಮ್ಮ ಮನೆಯಲ್ಲಿ ಮೊದಲ ಗಂಡು ಮಗುವಿಗೆ ತಾತನ ಹೆಸರಿಡೋದು ರೂಢಿ. ನನಗೆ ನನ್ನ ತಾತನ ಹೆಸರು, ಅಪ್ಪನಿಗೆ ಅವರ ತಾತನ ಹೆಸರು. ಹೀಗಾಗಿ ಪಹಣಿಯ ಶೈಲಿಯಲ್ಲಿ ಬರೆದರೆ ತಾತನೂ ನಾನೂ ಒಂದೇ: ಅದೇ ಹೆಸರು, 'ಬಿನ್' ಆದಮೇಲೆ ಅದೇ ಅಪ್ಪನ ಹೆಸರು, ಅದೇ ಊರು. ತಾತ ತೀರಿಕೊಂಡ ಮೇಲೆ ಅಪ್ಪ ಮರಣ ಪ್ರಮಾಣಪತ್ರ ಕೊಟ್ಟು ಬಂದರು. ಕೆಲವು ವಾರಗಳ ನಂತರ ಪಡಿತರ ಚೀಟಿಯಿಂದ ಒಂದು ಹೆಸರು ತೆಗೆದರು. ಅದು ನನ್ನದು. ತಾತ ಮಾತ್ರ ಚೀಟಿಯಲ್ಲಿ ಹಾಯಾಗಿ ಉಳಿದುಕೊಂಡರು. ನಾನು ಬದುಕಿದ್ದೇನೆ ಅಂತ ಸಾಬೀತು ಮಾಡೋಕೆ ಮೂರು ಸಲ ಓಡಾಡಬೇಕಾಯ್ತು.

ಎಂಜಿನಿಯರಿಂಗ್‌ನಲ್ಲಿ ಡೇಟಾಬೇಸ್ ಪಾಠ ಶುರುವಾಗೋದೇ ಒಂದು ಎಚ್ಚರಿಕೆಯಿಂದ: ಹೆಸರನ್ನು 'ಪ್ರೈಮರಿ ಕೀ' ಮಾಡಬೇಡಿ. ಅಂದರೆ, ಒಬ್ಬ ವ್ಯಕ್ತಿಯನ್ನು ಇನ್ನೊಬ್ಬರಿಂದ ಬೇರೆ ಮಾಡಿ ಗುರುತಿಸೋಕೆ ಹೆಸರೊಂದನ್ನೇ ನಂಬಬೇಡಿ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಮಾತು ನನಗೆ ನಿಜಕ್ಕೂ ಅರ್ಥವಾಗಿದ್ದು ಆ ಪಡಿತರ ಚೀಟಿ ನೋಡಿದಾಗ. ಪತ್ರಕರ್ತನಾದ ಮೇಲೆ ಇದೇ ತಪ್ಪು ಇನ್ನೂ ದೊಡ್ಡ ಜಾಗದಲ್ಲಿ ಕಾಣತೊಡಗಿತು. ನಮ್ಮ ಇತಿಹಾಸದಲ್ಲಿ.

ಪ್ರತಿವರ್ಷ ಅಕ್ಟೋಬರ್ 23ರ ಆಸುಪಾಸಿನಲ್ಲಿ ವಾಟ್ಸ್ಯಾಪ್‌ನಲ್ಲಿ ಒಂದು ಸಂದೇಶ ಬರುತ್ತೆ: 'ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟು, ಬ್ರಿಟಿಷರ ವಿರುದ್ಧ ಹೋರಾಡಿದ ರಾಣಿ ಚೆನ್ನಮ್ಮ'. ವಾಕ್ಯ ಚೆನ್ನಾಗಿದೆ. ಆದರೆ ಅದರೊಳಗೆ ಇಬ್ಬರು ಹೆಂಗಸರಿದ್ದಾರೆ, ಮತ್ತು ಅವರಿಬ್ಬರ ನಡುವೆ 130 ವರ್ಷಕ್ಕೂ ಹೆಚ್ಚು ಅಂತರವಿದೆ.

ಕರ್ನಾಟಕದ ಇತಿಹಾಸದಲ್ಲಿ ಹೀಗೆ ಪದೇ ಪದೇ ಒಬ್ಬರೊಳಗೊಬ್ಬರು ಕಲಸಿಹೋಗುವ ಕೆಲವು ಹೆಸರುಗಳು ಇಲ್ಲಿವೆ. ಯಾರು ಯಾರು, ಯಾವ ಕಾಲ, ಬೇರೆ ಮಾಡೋದು ಹೇಗೆ ಅಂತ ಒಂದೇ ಕಡೆ ಇಟ್ಟಿದ್ದೇನೆ. ಮುಂದೆ ಯಾರಾದರೂ ಫಾರ್ವರ್ಡ್ ಕಳಿಸಿದಾಗ ಉಪಯೋಗಕ್ಕೆ ಬರಬಹುದು.

ಇಬ್ಬರು ಚೆನ್ನಮ್ಮ

ಮೊದಲಿನವರು ಕೆಳದಿಯ ಚೆನ್ನಮ್ಮ. ಮಲೆನಾಡಿನ ಕೆಳದಿ ಸಂಸ್ಥಾನದ ಅರಸ ಸೋಮಶೇಖರ ನಾಯಕನ ಪತ್ನಿ. ಹುಟ್ಟಿದ್ದು ರಾಜಮನೆತನದಲ್ಲಲ್ಲ, ವರ್ತಕರ ಮನೆಯಲ್ಲಿ. ಗಂಡನ ಮರಣದ ನಂತರ 1672ರಲ್ಲಿ ಅಧಿಕಾರ ವಹಿಸಿಕೊಂಡು ಸುಮಾರು 25 ವರ್ಷ ಬಿದನೂರಿನಿಂದ ಆಳಿದರು. ಇವತ್ತಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ತಲೆತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯತ್ತ ಹೊರಟಿದ್ದ. ಆಗ ಅವನಿಗೆ ಆಶ್ರಯ ಕೊಟ್ಟು, ದಾಟಿಸಿ ಕಳಿಸಿದ್ದು ಈ ಚೆನ್ನಮ್ಮ. ಅದಕ್ಕಾಗಿ ಮೊಘಲ್ ಸೇನೆ ಕೆಳದಿಯ ಮೇಲೆ ಬಂತು. ಕಾಳಗ ಕೊನೆಗೆ ಸಂಧಿಯಲ್ಲಿ ಮುಗಿಯಿತು, ರಾಜ್ಯ ಉಳಿಯಿತು. ಚೆನ್ನಮ್ಮನಿಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಂಡ ಬಸಪ್ಪ ನಾಯಕ ಅವರ ನಂತರ ಪಟ್ಟಕ್ಕೆ ಬಂದ.

ಎರಡನೆಯವರು ಕಿತ್ತೂರಿನ ಚೆನ್ನಮ್ಮ. 1778ರಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಹುಟ್ಟಿದವರು, ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಪತ್ನಿ. ಗಂಡ 1816ರಲ್ಲಿ ತೀರಿಕೊಂಡ. ನಂತರ ಆಳಿದ ಶಿವಲಿಂಗರುದ್ರಸರ್ಜ, ಮಲ್ಲಸರ್ಜನ ಹಿರಿಯ ಹೆಂಡತಿಯ ಮಗ, 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ವಾರಸುದಾರ ಎಂದು ಒಪ್ಪಲು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ನಿರಾಕರಿಸಿದ. ಖಜಾನೆಗೆ ಕಾವಲು ಹಾಕಿದ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೇನೆ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಬ್ಬರೂ ಯಾಕೆ ಕಲಸಿಹೋಗ್ತಾರೆ ಅನ್ನೋದು ಈಗ ಗೊತ್ತಾಗತ್ತೆ. ಇಬ್ಬರೂ ವಿಧವೆಯರು, ಇಬ್ಬರದೂ ಲಿಂಗಾಯತ ಮನೆತನ, ಇಬ್ಬರ ಕತೆಯಲ್ಲೂ ದತ್ತು ಇದೆ, ಇಬ್ಬರೂ ತಮಗಿಂತ ಎಷ್ಟೋ ಪಟ್ಟು ದೊಡ್ಡ ಸಾಮ್ರಾಜ್ಯವನ್ನು ಎದುರು ಹಾಕಿಕೊಂಡವರು. ಹೆಸರೊಂದೇ ಅಲ್ಲ, ಕತೆಯ ಅಸ್ಥಿಪಂಜರವೇ ಒಂದು.

ಆದರೆ ಬೇರೆ ಮಾಡಿ ನೋಡಿದಾಗಲೇ ಮುಖ್ಯವಾದ ವ್ಯತ್ಯಾಸ ಕಾಣೋದು. ಕೆಳದಿಯ ಚೆನ್ನಮ್ಮನ ದತ್ತು ಮಗ ಪಟ್ಟಕ್ಕೆ ಬಂದ. ಯುದ್ಧ ಮಾಡಿದ ಮೊಘಲರಿಗೂ ಅದೊಂದು ಪ್ರಶ್ನೆಯಾಗಿರಲಿಲ್ಲ. ಕಿತ್ತೂರಿನಲ್ಲಿ ಯುದ್ಧದ ಕಾರಣವೇ ದತ್ತು. ಅಂದರೆ ಈ ನಡುವಿನ ಕಾಲದಲ್ಲಿ ಆಳುವವರ ಕಾನೂನೇ ಬದಲಾಗಿತ್ತು: 'ನಿಮ್ಮ ಮನೆಯ ವಾರಸುದಾರ ಯಾರು ಅನ್ನೋದನ್ನ ನಾವು ತೀರ್ಮಾನಿಸ್ತೀವಿ' ಅಂತ ಕಂಪನಿ ಹೇಳತೊಡಗಿತ್ತು. ಡಾಲ್‌ಹೌಸಿ 1848ರ ನಂತರ ಇದನ್ನೇ ದೊಡ್ಡ ನೀತಿಯಾಗಿ ದೇಶದ ತುಂಬ ಹೇರಿದ. ಝಾನ್ಸಿಯ ಸಿಟ್ಟಿಗೂ ಅದೇ ಕಾರಣ. ಇಬ್ಬರು ಚೆನ್ನಮ್ಮರನ್ನು ಒಬ್ಬರನ್ನಾಗಿ ಮಾಡಿದರೆ ನಾವು ಕಳೆದುಕೊಳ್ಳೋದು ಬರೀ ಒಂದು ಇಸವಿಯಲ್ಲ, ಈ ಬದಲಾವಣೆಯನ್ನೇ.

ಮತ್ತೆ ನಷ್ಟ ಸಮವಾಗಿಯೂ ಹಂಚಿಕೆಯಾಗಲ್ಲ. ಕಿತ್ತೂರಿನ ಚೆನ್ನಮ್ಮನ ಹೆಸರಲ್ಲಿ ವಿಶ್ವವಿದ್ಯಾಲಯವಿದೆ, ರೈಲಿದೆ, 1961ರ ಸಿನಿಮಾ ಇದೆ, ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ಇದೆ. ಅದಕ್ಕೆ ಅವರು ಅರ್ಹರು. ಆದರೆ ಇಬ್ಬರೂ ಬೆರೆತಾಗ ಕರಗಿಹೋಗೋದು ಕೆಳದಿಯವರು. ಕಾಲು ಶತಮಾನ ರಾಜ್ಯ ನಡೆಸಿದ ಹೆಂಗಸು ಇನ್ನೊಬ್ಬರ ಕತೆಯಲ್ಲಿ ಒಂದು ವಾಕ್ಯವಾಗಿ ಉಳೀತಾರೆ.

ನಾಲ್ವರು ಕೃಷ್ಣರಾಜರು

ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಕನ್ನಂಬಾಡಿಯ ಕೆ.ಆರ್.ಎಸ್. ದಿನಕ್ಕೆ ಹತ್ತು ಸಲ 'ಕೆ.ಆರ್.' ಅನ್ನುವ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಯಾವ ಕೃಷ್ಣರಾಜ ಅಂತ ಗೊತ್ತು?

ಮೈಸೂರಿನ ಒಡೆಯರ ಪಟ್ಟಿಯಲ್ಲಿ ಕೃಷ್ಣರಾಜರು ನಾಲ್ವರು. ದೊಡ್ಡ ಕೃಷ್ಣರಾಜರ ಆಳ್ವಿಕೆ 1714ರಿಂದ 1732. ಇಮ್ಮಡಿ ಕೃಷ್ಣರಾಜರದು 1734ರಿಂದ 1766. ಇವರ ಕಾಲದಲ್ಲೇ ಅಧಿಕಾರ ದಳವಾಯಿಗಳ ಕೈಯಿಂದ ಹೈದರ್ ಅಲಿಯ ಕೈಗೆ ಹೋಯಿತು.

ನಿಜವಾದ ಗೊಂದಲ ಇರೋದು ಮುಂದಿನ ಇಬ್ಬರಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ, ಜೂನ್ 30ರಂದು ಬ್ರಿಟಿಷರು ಐದು ವರ್ಷದ ಹುಡುಗನೊಬ್ಬನನ್ನು ಮೈಸೂರಿನ ಗದ್ದುಗೆಯಲ್ಲಿ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಮೊದಲ ವರ್ಷಗಳಲ್ಲಿ ಆಡಳಿತ ದಿವಾನ್ ಪೂರ್ಣಯ್ಯನವರದು. ಆಮೇಲೆ ಅರಸರೇ ಆಳಿದರು. ನಗರದ ರೈತದಂಗೆಯ ನಂತರ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡು ಕಮಿಷನರ್‌ಗಳ ಕೈಗೆ ಕೊಟ್ಟರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಮುಮ್ಮಡಿಯವರು ಅಧಿಕಾರವಿಲ್ಲದ ಅರಸ. ಆದರೆ ಆ ಆಸ್ಥಾನದಿಂದ ಬಂದಿದ್ದು ಕಡಿಮೆಯಲ್ಲ. 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಮಹಾಗ್ರಂಥ ಅವರ ಹೆಸರಿನಲ್ಲಿದೆ. ಕೆಂಪುನಾರಾಯಣನ 'ಮುದ್ರಾಮಂಜೂಷ' ಅವರ ಕಾಲದ್ದು. ಜಗನ್ಮೋಹನ ಅರಮನೆ ಕಟ್ಟಿಸಿದ್ದು ಅವರೇ, 1861ರಲ್ಲಿ. ಚದುರಂಗದ ಕುದುರೆಯ ನಡೆಯ ಲೆಕ್ಕಗಳಲ್ಲಿ ಅವರಿಗಿದ್ದ ಹುಚ್ಚು ಇವತ್ತಿನ ಯಾವ ಪ್ರೋಗ್ರಾಮರ್‌ಗೂ ಕಡಿಮೆಯಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ್ ಹುಟ್ಟಿದ್ದು 1884ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದರು. ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದರು. 1902ರಲ್ಲಿ ಪೂರ್ಣಾಧಿಕಾರ. 1940ರಲ್ಲಿ ನಿಧನ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ, 1911ರಲ್ಲಿ ಶುರುವಾದ ಕನ್ನಂಬಾಡಿ ಅಣೆಕಟ್ಟು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಬಗ್ಗೆ 1918ರ ಮಿಲ್ಲರ್ ಸಮಿತಿ: ಇವೆಲ್ಲ ಇವರ ಕಾಲದವು. ಮೇಲೆ ಹೇಳಿದ ಮೂರೂ 'ಕೆ.ಆರ್.' ಇವರದೇ.

ಈಗ ನನ್ನ ಪಡಿತರ ಚೀಟಿ ನೆನಪು ಮಾಡಿಕೊಳ್ಳಿ. ಮುಮ್ಮಡಿಯವರ ತಂದೆ ಖಾಸಾ ಚಾಮರಾಜ ಒಡೆಯರ್. ನಾಲ್ವಡಿಯವರ ತಂದೆ ಚಾಮರಾಜೇಂದ್ರ ಒಡೆಯರ್, ಮುಮ್ಮಡಿಯವರ ದತ್ತು ಮಗ. ಪಹಣಿಯಲ್ಲಿ ಬರೆದರೆ ಇಬ್ಬರೂ 'ಕೃಷ್ಣರಾಜ ಬಿನ್ ಚಾಮರಾಜ, ಸಾಕಿನ್ ಮೈಸೂರು'! ತಾತ ಮೊಮ್ಮಗ ಒಂದೇ ಸಾಲಿನಲ್ಲಿ. ನಮ್ಮ ಮನೆಯ ಸಮಸ್ಯೆಯೇ ಅರಮನೆಯಲ್ಲೂ ಇತ್ತು ಅಂತ ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯ್ತು.

ಅರಮನೆಯವರ ಹತ್ತಿರ ಒಂದು ಪರಿಹಾರವೂ ಇತ್ತು. ಇಮ್ಮಡಿ, ಮುಮ್ಮಡಿ, ನಾಲ್ವಡಿ. ಕನ್ನಡದಲ್ಲಿ 'ಮಡಿ' ಅಂದರೆ ಪಟ್ಟು: ಎರಡು ಮಡಿ, ಮೂರು ಮಡಿ, ನಾಲ್ಕು ಮಡಿ. ಸಾಫ್ಟ್‌ವೇರ್‌ನವರ ವರ್ಷನ್ ನಂಬರ್‌ಗೆ ಇದಕ್ಕಿಂತ ಚೆಂದದ ಕನ್ನಡ ಬೇಕಾ? ಅದಕ್ಕೇ 'ಕೃಷ್ಣರಾಜ ಒಡೆಯರ್ ಕಾಲದಲ್ಲಿ' ಅಂತ ಬರೆಯೋದು ಅರ್ಧ ಮಾಹಿತಿ. 'ನಾಲ್ವಡಿ' ಅನ್ನೋ ಮೂರಕ್ಷರ ಅಲಂಕಾರವಲ್ಲ, ಅದೇ ಗುರುತು.

ಮೂವರು ಪುಲಕೇಶಿ

'ಪುಲಕೇಶಿ' ಅಂದ ಕೂಡಲೇ ನಮಗೆ ನೆನಪಾಗೋದು ಹರ್ಷವರ್ಧನನನ್ನು ನರ್ಮದೆಯ ದಡದಲ್ಲಿ ತಡೆದವನು. ಅವನು ಇಮ್ಮಡಿ ಪುಲಕೇಶಿ. ಆಳ್ವಿಕೆ ಸುಮಾರು 610ರಿಂದ 642. ಅವನ ಸಾಧನೆಗೆ ಮುಖ್ಯ ಸಾಕ್ಷಿ ಐಹೊಳೆಯ ಮೇಗುಟಿ ಬಸದಿಯಲ್ಲಿರುವ, ರವಿಕೀರ್ತಿ ಬರೆದ 634ರ ಶಾಸನ. ಕೊನೆಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ.

ಆದರೆ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿದವನು ಇವನಲ್ಲ. ಅದು ಮೊದಲನೇ ಪುಲಕೇಶಿ, ಇವನ ತಾತ. ಅದನ್ನು ಹೇಳುವ 543ರ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ. ಮೊಮ್ಮಗನಿಗೆ ಪಟ್ಟಕ್ಕೆ ಬರುವ ಮೊದಲು 'ಎರೆಯ' ಎಂಬ ಹೆಸರಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಚಿಕ್ಕಪ್ಪ ಮಂಗಳೇಶನ ವಿರುದ್ಧ ಹೋರಾಡಿ ಗದ್ದುಗೆ ಗೆದ್ದವನಿಗೆ, ರಾಜ್ಯ ಕಟ್ಟಿದ ತಾತನ ಹೆಸರಿಗಿಂತ ದೊಡ್ಡ ಅಧಿಕಾರಪತ್ರ ಯಾವುದಿತ್ತು? ಹೆಸರು ಇಲ್ಲಿ ಬರೀ ನೆನಪಲ್ಲ, ಹಕ್ಕಿನ ಘೋಷಣೆ.

ಮೂರನೆಯ ಪುಲಕೇಶಿಯ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳೇ ಇಲ್ಲ. ಅವನಿ ಜನಾಶ್ರಯ ಪುಲಕೇಶಿ, ಗುಜರಾತಿನ ನವಸಾರಿ ಕಡೆ ಆಳುತ್ತಿದ್ದ ಚಾಲುಕ್ಯ ಶಾಖೆಯವನು. ಸಿಂಧ್ ಕಡೆಯಿಂದ ಬಂದ ಅರಬ್ ಸೇನೆಯನ್ನು ಇವನು ಸೋಲಿಸಿದ್ದನ್ನು ಸುಮಾರು 739ರ ನವಸಾರಿ ತಾಮ್ರಪಟ ಹೇಳುತ್ತದೆ. ಬಾದಾಮಿಯ ಚಕ್ರವರ್ತಿ ಇವನಿಗೆ ಬಿರುದುಗಳನ್ನು ಕೊಟ್ಟ. 'ಅರಬರನ್ನು ಸೋಲಿಸಿದ ಇಮ್ಮಡಿ ಪುಲಕೇಶಿ' ಅಂತ ಎಲ್ಲಾದರೂ ಓದಿದರೆ, ಎರಡನೆಯವನು ತೀರಿಹೋಗಿ ಸುಮಾರು ನೂರು ವರ್ಷದ ನಂತರದ ಯುದ್ಧ ಇದು ಅಂತ ನೆನಪಿಟ್ಟುಕೊಳ್ಳಿ.

ಎಷ್ಟು ಜನ ನಾಗವರ್ಮ?

ಇದುವರೆಗೆ ನೋಡಿದ್ದು ವಾಟ್ಸ್ಯಾಪ್ ತಪ್ಪುಗಳು. ಈಗಿನದು ದೊಡ್ಡ ದೊಡ್ಡ ವಿದ್ವಾಂಸರನ್ನೇ ಸುಸ್ತು ಮಾಡಿದ ಹೆಸರು.

ಹಳಗನ್ನಡದಲ್ಲಿ ನಾಗವರ್ಮನ ಹೆಸರಿನಲ್ಲಿ ಹಲವು ಕೃತಿಗಳಿವೆ. ಛಂದಸ್ಸಿನ ಬಗ್ಗೆ 'ಛಂದೋಂಬುಧಿ', ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ 'ಕರ್ಣಾಟಕ ಕಾದಂಬರಿ', ಕಾವ್ಯಲಕ್ಷಣದ 'ಕಾವ್ಯಾವಲೋಕನ', ಸಂಸ್ಕೃತ ಸೂತ್ರಗಳಲ್ಲಿರುವ ಕನ್ನಡ ವ್ಯಾಕರಣ 'ಕರ್ಣಾಟಕ ಭಾಷಾಭೂಷಣ', ನಿಘಂಟು 'ವಸ್ತುಕೋಶ'. ಕಿಟ್ಟೆಲ್ 1875ರಲ್ಲಿ ಛಂದೋಂಬುಧಿಯನ್ನು, ರೈಸ್ 1884ರಲ್ಲಿ ಭಾಷಾಭೂಷಣವನ್ನು ಅಚ್ಚು ಹಾಕಿಸಿದ ಆ ದಿನಗಳಲ್ಲಿ ಎಲ್ಲವೂ ಒಬ್ಬನೇ ನಾಗವರ್ಮನದು ಎಂಬ ನಂಬಿಕೆ ಇತ್ತು. ಆಮೇಲೆ ಇಬ್ಬರು ಎಂದು ಬಗೆಹರಿಯಿತು: ಛಂದೋಂಬುಧಿ ಮತ್ತು ಕಾದಂಬರಿಯ ಒಂದನೆಯ ನಾಗವರ್ಮ ಸುಮಾರು 990ರವನು, ವ್ಯಾಕರಣ, ಅಲಂಕಾರಶಾಸ್ತ್ರ, ನಿಘಂಟಿನವನು ಎರಡನೆಯ ನಾಗವರ್ಮ. ಛಂದೋಂಬುಧಿ ಮತ್ತು ಕಾದಂಬರಿ ಎರಡೂ ಒಬ್ಬನದೇನಾ ಎಂಬ ಚರ್ಚೆ ಬೇರೆ ಇದೆ.

ಸರಿ, ಎರಡನೆಯವನ ಕಾಲ ಯಾವುದು? ಅವನು 'ಜಗದೇಕಮಲ್ಲ'ನ ಬೀಡಿನಲ್ಲಿ ಕಟಕೋಪಾಧ್ಯಾಯನಾಗಿದ್ದ ಎಂಬ ಸುಳಿವಿದೆ. ಸುಲಭವಾಯ್ತಲ್ಲ ಅಂದುಕೊಂಡಿರಾ? ಇಲ್ಲ. ಕಲ್ಯಾಣ ಚಾಲುಕ್ಯರಲ್ಲಿ ಜಗದೇಕಮಲ್ಲರೂ ಇಬ್ಬರು! ಒಬ್ಬ 11ನೇ ಶತಮಾನದ ಜಯಸಿಂಹ, ಆಳ್ವಿಕೆ ಸುಮಾರು 1015ರಿಂದ 1043. ಇನ್ನೊಬ್ಬ 1138ರಿಂದ 1151ರವರೆಗೆ ಆಳಿದವನು. ಯಾವ ಜಗದೇಕಮಲ್ಲ ಅನ್ನೋದರ ಮೇಲೆ ನಾಗವರ್ಮನ ಕಾಲ ನೂರು ವರ್ಷ ಹಿಂದೆ ಮುಂದೆ ಜಾರುತ್ತದೆ. ಕೆಲವು ವಿದ್ವಾಂಸರು 12ನೇ ಶತಮಾನ ಅಂದರು, ಇನ್ನು ಕೆಲವರು 11ನೇ ಶತಮಾನ ಅಂತಾರೆ.

ಪ್ರೋಗ್ರಾಮರ್‌ಗಳಿಗೆ ಈ ನೋವು ಗೊತ್ತು. ಒಂದು ಪಟ್ಟಿಯ ಗೊಂದಲ ಬಿಡಿಸೋಕೆ ಇನ್ನೊಂದು ಪಟ್ಟಿ ನೋಡಿದರೆ ಅಲ್ಲೂ ಅದೇ ಗೊಂದಲ. ಆದರೆ ಇದು ಬರೀ ತಮಾಷೆಯಲ್ಲ. ಕನ್ನಡದ ಹಳೆಯ ವ್ಯಾಕರಣ ಯಾವಾಗ ಬರೆಯಲ್ಪಟ್ಟಿತು, ಕೇಶಿರಾಜನ 'ಶಬ್ದಮಣಿದರ್ಪಣ'ಕ್ಕಿಂತ ನೂರು ವರ್ಷ ಹಿಂದಾ, ಇನ್ನೂರು ವರ್ಷ ಹಿಂದಾ ಅನ್ನೋ ಪ್ರಶ್ನೆ ಈ ಎರಡು ಹೆಸರುಗಳ ಮೇಲೆ ನಿಂತಿದೆ.

ಕೆಂಪೇಗೌಡ ಅಂದರೆ ಯಾರು?

1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿದವರು ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು. 1569ರ ಸುಮಾರಿಗೆ ಅವರು ತೀರಿಕೊಂಡರು. ಲಾಲ್‌ಬಾಗ್, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇರುವ ನಾಲ್ಕು ಗೋಪುರಗಳನ್ನೂ ನಾವು ಅವರ ಖಾತೆಗೇ ಹಾಕಿಬಿಡ್ತೀವಿ. ಆದರೆ ಅವು ಇಮ್ಮಡಿ ಕೆಂಪೇಗೌಡರ ಕಾಲದವು ಎಂಬುದು ಹೆಚ್ಚು ಒಪ್ಪಿತವಾದ ಮಾತು.

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದಾಗ ಇಲ್ಲಿ ಆಳುತ್ತಿದ್ದವರೂ ಕೆಂಪೇಗೌಡರೇ, ಆದರೆ ಊರು ಕಟ್ಟಿದವರಲ್ಲ. ಆಮೇಲೆ ಆ ಮನೆತನ ಮಾಗಡಿಗೆ ಸರಿಯಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಗೆದ್ದಾಗ ಕೊನೆಯ ಪ್ರಭು ಕೆಂಪವೀರಗೌಡ ಶ್ರೀರಂಗಪಟ್ಟಣದ ಸೆರೆ ಸೇರಿದ. ಊರು ಕಟ್ಟಿದ್ದು, ಬೆಳೆಸಿದ್ದು, ಕಳೆದುಕೊಂಡಿದ್ದು, ಬೇರೆ ಕಡೆ ಮತ್ತೆ ಕಟ್ಟಿಕೊಂಡಿದ್ದು: ಇದು ಸುಮಾರು ಇನ್ನೂರು ವರ್ಷದ ಕುಟುಂಬದ ಕತೆ. ಅದನ್ನು ನಾವು ಒಂದೇ ಪ್ರತಿಮೆಯೊಳಗೆ ತುಂಬಿದ್ದೀವಿ.

ಅಬ್ಬಕ್ಕ: ಒಬ್ಬರೋ, ಹೆಚ್ಚೋ?

ಇದು ಉಲ್ಟಾ ಪ್ರಕರಣ. ಇಲ್ಲಿ ನಮಗೆ ಗೊತ್ತಿರೋದು ಒಬ್ಬರೇ ಅಬ್ಬಕ್ಕ, ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಚೌಟ ರಾಣಿ. ಜನಪ್ರಿಯ ಕತೆಯ ಪ್ರಕಾರ ಅವರ ಕಾಳಗಗಳು ಶುರುವಾಗೋದು 1550ರ ದಶಕದಲ್ಲಿ. ಆದರೆ 1623ರಲ್ಲಿ ಈ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು, ಮಾತಾಡಿ, ಬರೆದಿಟ್ಟಿದ್ದಾನೆ. ನಡುವೆ ಸುಮಾರು ಎಪ್ಪತ್ತು ವರ್ಷ! ಒಬ್ಬರೇ ಅಷ್ಟು ಕಾಲ ಆಳಿದರೋ, ಅಥವಾ ಒಂದಕ್ಕಿಂತ ಹೆಚ್ಚು ಅಬ್ಬಕ್ಕ ಇದ್ದರೋ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಎತ್ತಿದ್ದಾರೆ. ಹಲವರ ಒಲವು ಎರಡನೆಯ ಉತ್ತರದ ಕಡೆಗಿದೆ.

ಚೌಟರಲ್ಲಿ ಅಳಿಯಸಂತಾನ ಪದ್ಧತಿ. ಅಲ್ಲಿ ಹಕ್ಕು ಹರಿಯೋದು ತಾಯಿಯ ಕಡೆಯಿಂದ. ಹಾಗಾಗಿ ನಮ್ಮ ಪಹಣಿಯ 'ಬಿನ್' ಇಲ್ಲಿ ಕೈಕೊಡುತ್ತೆ. ಒಬ್ಬರಲ್ಲ ಅಂದರೆ ಅಬ್ಬಕ್ಕನ ಹಿರಿಮೆ ಕಡಿಮೆಯಾಗುತ್ತೆ ಅಂತ ಕೆಲವರಿಗೆ ಬೇಜಾರು. ನನಗೆ ಹಾಗನ್ನಿಸಲ್ಲ. ಒಬ್ಬ ಧೀರೆ ಹುಟ್ಟೋದು ಆಕಸ್ಮಿಕ ಇರಬಹುದು. ತಲೆಮಾರಿನ ನಂತರ ತಲೆಮಾರು ಹೆಂಗಸರು ಒಂದು ಬಂದರನ್ನು ಕಾಪಾಡಿಕೊಂಡು ಬಂದಿದ್ದರೆ ಅದರ ಹಿಂದೆ ಒಂದು ವ್ಯವಸ್ಥೆಯೇ ಇತ್ತು ಅಂತಾಯ್ತು.

ಬೇರೆ ಮಾಡೋದು ಹೇಗೆ?

ಯಾವುದೇ ಬರಹದಲ್ಲಿ, ಭಾಷಣದಲ್ಲಿ ಇಂಥ ಹೆಸರು ಬಂದಾಗ ನಾನು ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳಿವು.

1. ಎದುರಾಳಿ ಯಾರು? ಇದು ಎಲ್ಲಕ್ಕಿಂತ ಸುಲಭ. ಔರಂಗಜೇಬ ಇದ್ದರೆ ಕೆಳದಿ, ಕಂಪನಿ ಇದ್ದರೆ ಕಿತ್ತೂರು. ಹರ್ಷ ಇದ್ದರೆ ಇಮ್ಮಡಿ ಪುಲಕೇಶಿ, ಅರಬರಿದ್ದರೆ ನವಸಾರಿಯವನು.

2. ಊರು ಯಾವುದು? ಬಿದನೂರೋ ಬೈಲಹೊಂಗಲವೋ, ಬೆಂಗಳೂರೋ ಮಾಗಡಿಯೋ.

3. ಯಾರ ಮಗ, ಯಾರ ಹೆಂಡತಿ? ಪಹಣಿಯ 'ಬಿನ್' ಮತ್ತು 'ಕೋಂ' ಇಲ್ಲಿ ಕೆಲಸಕ್ಕೆ ಬರುತ್ತೆ. 'ಚೆನ್ನಮ್ಮ ಕೋಂ ಸೋಮಶೇಖರ ನಾಯಕ', 'ಚೆನ್ನಮ್ಮ ಕೋಂ ಮಲ್ಲಸರ್ಜ' ಅಂದರೆ ಗೊಂದಲವೇ ಇಲ್ಲ. ಆದರೆ ತಾತ-ಮೊಮ್ಮಗನ ಮನೆಗಳಲ್ಲಿ ಇದೊಂದೇ ಸಾಲದು.

4. ಸಾಕ್ಷಿ ಎಲ್ಲಿದೆ? ಶಾಸನವೋ, ತಾಮ್ರಪಟವೋ, ಕಂಪನಿಯ ದಾಖಲೆಯೋ, ಪ್ರವಾಸಿಯ ಬರಹವೋ. ಸಾಕ್ಷಿಗೆ ಸಾಮಾನ್ಯವಾಗಿ ಒಂದು ಇಸವಿ ಅಂಟಿಕೊಂಡಿರುತ್ತೆ. ಇಸವಿ ಸಿಕ್ಕರೆ ವ್ಯಕ್ತಿ ಸಿಕ್ಕ ಹಾಗೆ.

ನಾಲ್ಕನೆಯ ಪ್ರಶ್ನೆಗೆ ಸಂಬಂಧಿಸಿದ ಒಂದು ಸಂಗತಿ ಹೇಳಲೇಬೇಕು. 1824ರ ಕಾಳಗದ ದಿನ ಕಿತ್ತೂರಿನವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆಹಿಡಿದು ಒತ್ತೆಯಿಟ್ಟುಕೊಂಡರು, ಆಮೇಲೆ ಬಿಟ್ಟುಕಳಿಸಿದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಮುಂದೆ ಇದೇ ಎಲಿಯಟ್ ಊರೂರು ಸುತ್ತಿ ಕರ್ನಾಟಕದ ಶಾಸನಗಳ ನಕಲು ಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ವಂಶಾವಳಿಯನ್ನು ಜೋಡಿಸುವ ಮೊದಲ ಪ್ರಯತ್ನಗಳಲ್ಲಿ ಅವನದೂ ಒಂದು. ಒಬ್ಬ ಚೆನ್ನಮ್ಮ ಜೀವಸಹಿತ ಬಿಟ್ಟ ಮನುಷ್ಯ, ಒಬ್ಬ ಪುಲಕೇಶಿಯನ್ನು ಇನ್ನೊಬ್ಬನಿಂದ ಬೇರೆ ಮಾಡುವ ಕೆಲಸಕ್ಕೆ ತಳಹದಿ ಹಾಕಿದ.

ಇದೆಲ್ಲ ಯಾಕೆ ಮುಖ್ಯ?

'ಯಾವ ಚೆನ್ನಮ್ಮ ಆದರೇನು, ಇಬ್ಬರೂ ಧೀರೆಯರೇ ತಾನೆ?' ಅಂತ ಗೆಳೆಯನೊಬ್ಬ ಕೇಳಿದ. ನನ್ನ ಉತ್ತರ ಇಷ್ಟೇ. ಹೆಸರು ಒಂದಾಗಿ ಕಾಲ ಅಳಿಸಿಹೋದಾಗ, ಆ ವ್ಯಕ್ತಿಯ ಬಾಯಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಮಾತು ಹಾಕಬಹುದು. ಜಯಂತಿಯ ವೇದಿಕೆಯಲ್ಲಿ, ಚುನಾವಣೆಯ ಭಾಷಣದಲ್ಲಿ ಬೇಕಾಗೋದು ಇಸವಿಯಿಲ್ಲದ ವೀರರು. ಇಸವಿ ಇರುವ ಮನುಷ್ಯರು ಹಾಗೆ ಸುಲಭಕ್ಕೆ ಬಗ್ಗಲ್ಲ. ಅವರಿಗೆ ಅವರದೇ ಮಿತ್ರರು, ಶತ್ರುಗಳು, ರಾಜಿಗಳು, ಸೋಲುಗಳು ಇರುತ್ತವೆ.

ಈಗ ಇನ್ನೊಂದು ಆತಂಕ ಸೇರಿಕೊಂಡಿದೆ. ಪ್ರಶ್ನೆ ಕೇಳಿದರೆ ಥಟ್ಟನೆ ಉತ್ತರ ಕೊಡುವ ಯಂತ್ರಗಳು ಬಂದಿವೆ. ಅವು ಕಲಿಯೋದು ನಾವು ಬರೆದಿದ್ದನ್ನೇ. 'ಕೃಷ್ಣರಾಜ ಒಡೆಯರ್ ಕಟ್ಟಿಸಿದರು' ಅಂತ ನಾವು ಅರ್ಧ ಬರೆದರೆ, ಉಳಿದರ್ಧವನ್ನು ಯಂತ್ರ ಊಹಿಸುತ್ತೆ. ಕನ್ನಡದಲ್ಲಿ ಅಂತರ್ಜಾಲದ ಬರಹ ಮೊದಲೇ ಕಡಿಮೆ. ಅದರಲ್ಲೂ ಕಲಸಿದ್ದನ್ನೇ ತುಂಬಿದರೆ ಮುಂದಿನ ಹುಡುಗರಿಗೆ ಸಿಗೋದು ಅದೇ. ಒಂದು 'ಮುಮ್ಮಡಿ', ಒಂದು 'ಕೆಳದಿಯ', ಒಂದು ಇಸವಿ ಬರೆಯೋಕೆ ಎರಡು ಸೆಕೆಂಡ್ ಸಾಕು.

ಅಂದಹಾಗೆ, ಪಡಿತರ ಚೀಟಿ ಕೊನೆಗೂ ಸರಿಯಾಯ್ತು. ಮೂರನೇ ಸಲ ಹೋದಾಗ ಅಲ್ಲಿದ್ದ ಹಿರಿಯ ಗುಮಾಸ್ತರು ಕನ್ನಡಕ ಮೇಲೇರಿಸಿ ಎರಡೂ ಹೆಸರು ನೋಡಿ, 'ಹುಟ್ಟಿದ ಇಸವಿ ಯಾಕಪ್ಪ ಬರೆಸಿಲ್ಲ?' ಅಂದರು. ಬರೆಸಿದೆವು. ನಾನು ಬದುಕಿಕೊಂಡೆ, ತಾತ ತೀರಿಕೊಂಡರು. ಹೆಸರು ಈಗಲೂ ಇಬ್ಬರದೂ ಒಂದೇ.